ಒಂದೇ ಬದಿಯ ಹಾಳೆ

ಜನವರಿ 19

ಕಿಡೀ,

ಫೋನು ಬಿಟ್ಟವಳಿಗೆ ಸುದ್ದಿ ಮುಟ್ಟಿಸಲು ಕಾಗದವೇ ಗತಿ. ಅದು ನಿನ್ನೂರಿಗೆ ತಲುಪಲು ಆರು ದಿನ ಬೇಕು. ಈ ಸಲ ಅದೇ ಅನುಕೂಲವಾಯಿತು. ನೀನು ಕೂಗಾಡುವ ಹೊತ್ತಿಗೆ ನಾನು ಎದುರಿಗೆ ಇರುವುದಿಲ್ಲ.

ಈ ತಿಂಗಳ ಏಳರಂದು ನನಗೆ ಆಪರೇಷನ್ ಆಯಿತು. ತೂಕ ಇಳಿಸುವ ಆಪರೇಷನ್. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಒಂದು ಬಾಳೆಹಣ್ಣಿನಷ್ಟು ಉಳಿಸಿದ್ದಾರೆ. ಹೊಟ್ಟೆಯ ಮೇಲೆ ಐದು ಸಣ್ಣ ತೂತು, ಅಷ್ಟೆ. ನಾಲ್ಕನೇ ದಿನ ಮನೆಗೆ ಬಂದೆ. ಮೊದಲೇ ಹೇಳಿದ್ದರೆ ನೀನು ಆಸ್ಪತ್ರೆಯ ಬಾಗಿಲಲ್ಲಿ ಧರಣಿ ಕೂರುತ್ತಿದ್ದೆ ಎಂದು ಹೇಳಲಿಲ್ಲ.

ಡಾಕ್ಟರು ಸಕ್ಕರೆ ಕಾಯಿಲೆ, ಮೊಣಕಾಲು ಅಂತೆಲ್ಲ ಕಾರಣ ಕೊಟ್ಟರು. ನನ್ನ ಕಾರಣ ಬೇರೆ. ನಮ್ಮ ಕನ್ನಡಕದ ಅಂಗಡಿಯ ಹಿಂದಿನ ಕೋಣೆ ನಿನಗೆ ಗೊತ್ತಲ್ಲ, ನಾನು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಜಾಗ. ಮೂರು ವರ್ಷದ ಹಿಂದೆ ಮಾಲೀಕರು ನನಗಾಗಿ ಬೆಂಚನ್ನು ಒಂದು ಗೇಣು ಹಿಂದಕ್ಕೆ ಸರಿಸಿದ್ದರು. ಹೋದ ನವೆಂಬರಿನಲ್ಲಿ ನಾನು ಒಳಗೆ ತೂರಿಕೊಳ್ಳಲು ಒದ್ದಾಡುತ್ತಿದ್ದಾಗ ಬಂದು ನಿಂತರು. ನನ್ನನ್ನು ನೋಡಲಿಲ್ಲ. ಬೆಂಚನ್ನು ನೋಡಿದರು. ಆ ವಾರವೇ ನಾನು ಆಸ್ಪತ್ರೆಗೆ ಹೋಗಿ ಹೆಸರು ಬರೆಸಿದೆ.

ಆಗ ನೂರ ಇಪ್ಪತ್ತಾರು ಕಿಲೋ. ಈಗ ನೂರ ಹದಿನೆಂಟು. ಈಗ ಬೈಯಿ.

ಅಕ್ಕ


ಜನವರಿ 27

ಅಕ್ಕಾ,

ಬೈಯುವುದಿಲ್ಲ. ಕೇಳುತ್ತೇನೆ. ಕೊಯ್ಯಿಸಿಕೊಳ್ಳಲು ಮೊದಲು ಹೇಳಿದವರು ಯಾರು? ನೀನಾಗಿ ಹೋದೆಯೋ, ಭಾವ ಕರೆದುಕೊಂಡು ಹೋದರೋ? ಎಷ್ಟು ಹಾಳೆಗೆ ಸಹಿ ಹಾಕಿಸಿಕೊಂಡರು? ಓದಲು ಬಿಟ್ಟರೇ?

ಬೆಂಚನ್ನು ಸರಿಸಬೇಕಿತ್ತು, ಅಕ್ಕ. ನಿನ್ನ ಹೊಟ್ಟೆಯನ್ನಲ್ಲ. ಹದಿನಾಲ್ಕು ವರ್ಷ ಅವರಿಗಾಗಿ ಗಾಜು ಉಜ್ಜಿದವಳಿಗೆ ಇನ್ನೊಂದು ಗೇಣು ನೆಲ ಕೊಡಲಾಗದವರು ಮನುಷ್ಯರೇ? ಮೊದಲು ನಮ್ಮ ಮೈಯ ಬಗ್ಗೆ ನಮಗೆ ನಾಚಿಕೆ ಹುಟ್ಟಿಸುತ್ತಾರೆ, ಆಮೇಲೆ ಆ ನಾಚಿಕೆಗೆ ಮದ್ದು ಮಾರುತ್ತಾರೆ. ಎರಡೂ ಅಂಗಡಿಯ ಮಾಲೀಕ ಒಬ್ಬನೇ.

ಇದನ್ನೆಲ್ಲ ಎಲ್ಲಿ ಓದಿದೆ ಎಂದು ನೀನು ನಗುತ್ತೀಯ. ಓದುವುದು ಇಲ್ಲೇ. ಪ್ರೆಸ್ಸಿನಲ್ಲಿ ದಿನಕ್ಕೆ ಮೂರು ಸಾವಿರ ಕರಪತ್ರ ಮಡಿಸುತ್ತೇನೆ. ಯಂತ್ರ ಸರಿಹೊಂದಿಸುವಾಗ ಕೆಟ್ಟ ಹಾಳೆಗಳನ್ನು ನಾವು ಮನೆಗೆ ಒಯ್ಯಬಹುದು. ಒಂದು ಬದಿ ಅಚ್ಚಾಗಿರುತ್ತದೆ, ಇನ್ನೊಂದು ಬದಿ ಖಾಲಿ. ಅಚ್ಚಾದ ಬದಿ ನನ್ನ ಕಾಲೇಜು, ಖಾಲಿ ಬದಿ ನನ್ನ ನೋಟ್‌ಬುಕ್ಕು. ಮೇಸ್ತ್ರಿ ದಿನಾ ಕೇಳುತ್ತಾನೆ, "ಏನಮ್ಮಾ ಪಂಡಿತೆ, ನಿಂಗೆ ಸಂಬಳ ಮಡಿಸೋಕೋ ಓದೋಕೋ?" "ಓದೋಕೆ. ಮಡಿಸೋದು ಪುಕ್ಕಟೆ," ಅನ್ನುತ್ತೇನೆ.

ನೋವಿದೆಯೇ? ನಿಜ ಹೇಳು.

ಕಿಡಿ


ಫೆಬ್ರವರಿ 6

ಕಿಡೀ,

ನಾನಾಗಿಯೇ ಹೋದೆ. ನಿಮ್ಮ ಭಾವ ಬೇಡವೆಂದೇ ಹೇಳಿದ್ದರು. "ನೀನು ಹೀಗಿದ್ರೆ ನಂಗೇನು ತೊಂದ್ರೆ?" ಅಂದರು. "ತೊಂದ್ರೆ ನಿಮಗಲ್ಲ, ನನ್ನ ಮಂಡಿಗೆ," ಅಂದೆ. ಸಹಿ ಹಾಕಿದ್ದು ಹನ್ನೊಂದು ಹಾಳೆಗೆ. ಓದಿಯೇ ಹಾಕಿದೆ. ನೀನೊಬ್ಬಳೇ ಅಕ್ಷರ ಕಲಿತವಳಲ್ಲ.

ನೋವು ಹೋಯಿತು. ಈಗಿರುವುದು ಊಟದ ಕಷ್ಟ. ಒಂದು ಹೊತ್ತಿಗೆ ಔಷಧಿ ಅಳೆಯುವ ಲೋಟದಲ್ಲಿ ಎರಡು ಲೋಟ ಬೇಳೆಯ ತಿಳಿ, ಇಲ್ಲವೇ ಕಾಲು ಮೊಟ್ಟೆ. ಉಂಡ ಮೇಲೆ ಅರ್ಧ ಗಂಟೆ ನೀರು ಮುಟ್ಟುವಂತಿಲ್ಲ. ನಿಮ್ಮ ಭಾವ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಎದುರಿಗೇ ಕೂರುತ್ತಾರೆ. "ಅಗಿ. ಇನ್ನೂ ಅಗಿ. ಈಗ ನುಂಗು." "ರೀ, ನಾನೇನು ನೀವು ಓಡ್ಸೋ ಬಸ್ಸಾ, ಸ್ಟಾಪು ಸ್ಟಾಪಿಗೂ ನಿಲ್ಲಿಸೋಕೆ?" ಅಂದೆ. ನಗು ಬಂದು ತಿಂದದ್ದು ಮೂಗಿಗೆ ಬಂತು. ಇಬ್ಬರೂ ಗಾಬರಿಯಾದೆವು.

ವಿಚಿತ್ರ ಕೇಳು. ಹಸಿವು ಅನ್ನುವುದೇ ಇಲ್ಲ, ಆದರೆ ತಿನ್ನುವ ಆಸೆ ಎಲ್ಲಿಗೂ ಹೋಗಿಲ್ಲ. ಮೊನ್ನೆ ಬೇಕರಿಯ ಮುಂದೆ ಬೆಣ್ಣೆ ಕರಗುವ ವಾಸನೆಗೆ ನಿಂತು ಅತ್ತುಬಿಟ್ಟೆ. ಹೊಟ್ಟೆ ಕತ್ತರಿಸಿದವರು ಬಾಯಿಯನ್ನು ಹಾಗೇ ಬಿಟ್ಟಿದ್ದಾರೆ.

ಮಾತ್ರೆ ಬೆಳಿಗ್ಗೆ ಮೂರು, ಮಧ್ಯಾಹ್ನ ಒಂದು, ರಾತ್ರಿ ಎರಡು. ಎಲ್ಲ ವಿಟಮಿನ್ನು, ಸುಣ್ಣ, ಕಬ್ಬಿಣ. ಆಸ್ಪತ್ರೆಯಲ್ಲಿ ಊಟದ ಪಥ್ಯ ಹೇಳುವ ಹುಡುಗಿಯೊಬ್ಬಳಿದ್ದಾಳೆ, ನಿನ್ನ ವಯಸ್ಸಿನವಳು. "ಇದು ಜೀವನ ಪೂರ್ತಿ ಕಣ್ರೀ," ಅಂದಳು. ಆ ಮಾತು ಕೇಳಿದಾಗಿನಿಂದ ನನಗೆ ಒಂಥರಾ. ಕಾಯಿಲೆಯಿಂದ ಬಿಡಿಸಿಕೊಳ್ಳಲು ಹೋಗಿ ಕಾಯಂ ರೋಗಿಯಾದೆನೋ ಏನೋ.

ಅಕ್ಕ


ಫೆಬ್ರವರಿ 16

ಅಕ್ಕಾ,

ಈ ಕಾಗದವನ್ನು ತಿರುಗಿಸಿ, ಅಚ್ಚಾದ ಬದಿಯನ್ನು ಮೊದಲು ಓದು. ಆಮೇಲೆ ಇಲ್ಲಿಗೆ ಬಾ.

ಓದಿದೆಯಾ? "ಮಾತ್ರೆಯ ಮೋಹ." ಹೋದ ವಾರ ನಮ್ಮಲ್ಲೇ ಅಚ್ಚಾಯಿತು. ಅಚ್ಚು ಹಾಕಿಸಿದವರು ಔಷಧಿ ಕಂಪನಿಯವರಲ್ಲ, ಅವರ ವಿರುದ್ಧ ಬರೆಯುವ ಆರೋಗ್ಯ ಬಳಗದವರು. ಅವರಲ್ಲಿ ಡಾಕ್ಟರುಗಳೂ ಇದ್ದಾರೆ. ಎಷ್ಟು ಸ್ಪಷ್ಟವಾಗಿ ಹೇಳಿದ್ದಾರೆ ನೋಡು. ಜನ ನುಂಗುವ ವಿಟಮಿನ್ ಮಾತ್ರೆಗಳಲ್ಲಿ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಬೇಳೆ, ಮೊಟ್ಟೆ, ಸೊಪ್ಪು ತಿನ್ನುವವರಿಗೆ ಅದು ಬೇಕೇ ಇಲ್ಲ. "ಜೀವನ ಪೂರ್ತಿ" ಎನ್ನುವುದು ವೈದ್ಯರ ಮಾತಲ್ಲ, ವ್ಯಾಪಾರಿಯ ಮಾತು ಎಂದು ದಪ್ಪ ಅಕ್ಷರದಲ್ಲಿದೆ. ನಿನ್ನ ಪಥ್ಯದ ಹುಡುಗಿ ಬಳಸಿದ್ದು ಅದೇ ಮಾತು. ಅವಳು ಎಲ್ಲಿ ಕಲಿತಳು?

ಕತ್ತರಿಸಿದವರೇ ಮಾತ್ರೆ ಬರೆದುಕೊಡುತ್ತಾರೆ, ಅದೇ ಕಟ್ಟಡದ ಕೆಳಗೆ ಔಷಧಿ ಅಂಗಡಿ ಇರುತ್ತದೆ. ಇದೆಯೋ ಇಲ್ಲವೋ ಹೇಳು.

ಇನ್ನೊಂದು ಮಾತು, ಸಿಟ್ಟಾಗಬೇಡ. ಹೆಂಡತಿ ನುಂಗುವುದನ್ನು ಗಡಿಯಾರ ಇಟ್ಟು ನೋಡುವ ಗಂಡ ನನಗೆ ತಮಾಷೆಯಾಗಿ ಕಾಣುವುದಿಲ್ಲ. ಬೇಡವೆಂದವರು ಈಗ ಕಾವಲು ಕೂತಿದ್ದಾರೆ. ಕಾವಲಿಗೆ ಪ್ರೀತಿಯೆಂದು ಹೆಸರಿಡುವುದು ಹಳೆಯ ಪದ್ಧತಿ.

ಹದಿನೈದು ದಿನ ಮಾತ್ರೆ ಬಿಟ್ಟು ನೋಡು. ಏನೂ ಆಗದಿದ್ದರೆ ನಿಜ ಯಾರದೆಂದು ನಿನಗೇ ತಿಳಿಯುತ್ತದೆ. ಭಾವನಿಗೆ ಹೇಳಬೇಡ.

ಕಿಡಿ


ಮಾರ್ಚ್ 8

ಕಿಡೀ,

ನೂರ ಮೂರು. ಮೂವತ್ತು ದಾಟಿದ ಮೇಲೆ ಮೊದಲ ಸಲ ಬಗ್ಗಿ ಶೂ ಲೇಸು ಕಟ್ಟಿಕೊಂಡೆ. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದೆ. ಅಂಗಡಿಯಲ್ಲಿ ಬೆಂಚಿಗೂ ಯಂತ್ರಕ್ಕೂ ನಡುವೆ ಈಗ ನಾನು ಹೋಗಿ ಇನ್ನೂ ಜಾಗ ಉಳಿಯುತ್ತದೆ.

ಎದುರು ಮನೆಯಾಕೆ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ, "ಏನ್ರೀ, ಅರ್ಧ ಆಗ್ಬಿಟ್ರಿ. ಉಳಿದರ್ಧ ಎಲ್ಲಿಟ್ರಿ?" ಅಂದಳು. ನಕ್ಕೆ. ಆಮೇಲೆ ಮನಸ್ಸಿಗೆ ಚುಚ್ಚಿತು. ಎಂಟು ವರ್ಷ ಅದೇ ಮೆಟ್ಟಿಲಲ್ಲಿ ಎದುರಾದವಳು ಒಂದು ದಿನವೂ ನಿಂತು ಮಾತಾಡಿರಲಿಲ್ಲ. ನೀನು ಹೇಳುವ ನಾಚಿಕೆಯ ಅಂಗಡಿ ಸುಳ್ಳಲ್ಲ. ನಾನು ಅದರ ಗಿರಾಕಿ, ಅಷ್ಟೆ.

ಆಗಾಗ ವಾಂತಿಯಾಗುತ್ತದೆ. ಈ ಆಪರೇಷನ್ ಆದವರಿಗೆಲ್ಲ ಹಾಗೇ ಅಂತೆ. ಕೂದಲೂ ಉದುರುತ್ತಿದೆ. ಅದೂ ಮಾಮೂಲಂತೆ.

ನೀನು ಕಳಿಸಿದ್ದು ಓದಿದೆ. ಅದರ ಬಗ್ಗೆ ಕಾಗದದಲ್ಲಿ ಬೇಡ.

ಅಕ್ಕ


ಮಾರ್ಚ್ 17

ಅಕ್ಕಾ,

"ಕಾಗದದಲ್ಲಿ ಬೇಡ" ಎಂದರೆ ಏನು ಅರ್ಥ? ನಿನ್ನ ಕಾಗದ ಹಾಕುವ ಮೊದಲು ಯಾರಾದರೂ ನೋಡುತ್ತಾರೆಯೇ? ನನ್ನದು ಬಂದಾಗ ಒಡೆಯುವವರು ಯಾರು? ಹಿಂದೆಲ್ಲ ನಾಲ್ಕು ಪುಟ ಬರೆಯುತ್ತಿದ್ದವಳು ಈ ಸಲ ಒಂದೇ ಪುಟಕ್ಕೆ ನಿಲ್ಲಿಸಿದ್ದೀಯ. ಯಾರದೋ ಎದುರಿಗೆ ಕೂತು ಬರೆದ ಹಾಗಿದೆ.

ನಿನ್ನ ಸಾಲು ಸಾಲಿನಲ್ಲೂ "ಅಂತೆ" ಇದೆ. ಎಲ್ಲರಿಗೂ ಹಾಗೇ ಅಂತೆ, ಮಾಮೂಲಂತೆ. ಇದನ್ನು ನಿನಗೆ ಹೇಳುತ್ತಿರುವವರು ಯಾರು? ನಿನ್ನ ಹೊಟ್ಟೆಯ ಸುದ್ದಿಯನ್ನು ನಿನ್ನ ಬಾಯಿಂದ ಕೇಳಬೇಕು ನನಗೆ.

ಬೈಂಡಿಂಗಿನ ಹೆಂಗಸರಿಗೆ ಊಟದ ಹೊತ್ತಿನಲ್ಲಿ ನಿನ್ನ ಕಥೆ ಹೇಳಿದೆ, ಹೆಸರು ಹೇಳದೆ. ಎಲ್ಲರದೂ ಒಂದೇ ಮಾತು: ಗಂಡನ ಮೇಲೆ ಕಣ್ಣಿಡು ಅನ್ನು. ಮೇಸ್ತ್ರಿ ಮಾತ್ರ, "ಅಲ್ಲಮ್ಮಾ, ಪಾಪ, ಅವನು ಊಟ ಬಡಿಸ್ತಾ ಇದಾನೆ. ನಮ್ಮನೇಲಿ ನಾನು ಬಡಿಸಿದ್ರೆ ಹಬ್ಬ," ಅಂದ. ಗಂಡಸರಿಗೆ ಗಂಡಸರೇ ವಕೀಲರು.

ಮಾತ್ರೆ ಬಿಟ್ಟೆಯಾ? ಹೌದು ಅಥವಾ ಇಲ್ಲ, ಒಂದೇ ಮಾತು ಸಾಕು.

ಕಿಡಿ


ಏಪ್ರಿಲ್ 2

ಕಿಡೀ,

ಹೌದು.

ಚೆನ್ನಾಗಿದ್ದೇನೆ. ತೊಂಬತ್ತೆರಡು. ಎಲ್ಲರೂ ಹೊಗಳುತ್ತಾರೆ. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಓಲಾಡಿದರೆ ಬೇಸರ ಮಾಡಿಕೊಳ್ಳಬೇಡ. ಅಂಗಡಿಗೆ ಕೆಲವು ದಿನ ರಜೆ ಹಾಕಿದ್ದೇನೆ.

ನೀನು ಹುಷಾರು.

ಅಕ್ಕ


ಏಪ್ರಿಲ್ 10

ಅಕ್ಕಾ,

ಇದು ನಿನ್ನ ಕಾಗದವೆಂದು ನಾನು ನಂಬುವುದಿಲ್ಲ.

ಸಾಸಿವೆಯಷ್ಟು ಸಣ್ಣ ತಿರುಪನ್ನು ಕಣ್ಣು ಮುಚ್ಚಿ ಕೂರಿಸುವ ಕೈ ನಿನ್ನದು. ಬಸ್ಸಲ್ಲ, ಭೂಕಂಪವಾದರೂ ನಿನ್ನ ಅಕ್ಷರ ಗೆರೆ ಬಿಟ್ಟು ಹೋಗದು. ಇಲ್ಲಿ ಒಂದೊಂದು ಅಕ್ಷರವೂ ಒಂದೊಂದು ಕಡೆ ಬಿದ್ದಿದೆ. ಯಾರೋ ನಿನ್ನ ಕೈಬರಹವನ್ನು ಅನುಕರಿಸಲು ನೋಡಿದ್ದಾರೆ. ಹದಿನಾಲ್ಕು ವರ್ಷದಲ್ಲಿ ಜ್ವರಕ್ಕೂ ರಜೆ ಹಾಕದವಳು "ಕೆಲವು ದಿನ ರಜೆ" ಅನ್ನುತ್ತಾಳೆ.

ಬರೆದವಳು ನೀನೇ ಆಗಿದ್ದರೆ ಒಂದು ಪ್ರಶ್ನೆಗೆ ಉತ್ತರ ಕೊಡು. ನಾನು ಏಳು ವರ್ಷದವಳಿದ್ದಾಗ ಮನೆಯಲ್ಲಿ ಒಂದು ವಸ್ತು ಒಡೆದೆ. ಏನದು, ಏಟು ತಿಂದವರು ಯಾರು? ಇದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

ಭಾವ, ಇದನ್ನು ಮೊದಲು ಒಡೆದವರು ನೀವಾಗಿದ್ದರೆ, ಈ ಸಾಲು ನಿಮಗೆ. ನನ್ನ ಅಕ್ಕ ನಿಮ್ಮ ಬಸ್ಸಲ್ಲ. ಅವಳನ್ನು ಎಲ್ಲಿ ಇಟ್ಟಿದ್ದೀರಿ, ಏನು ತಿನ್ನಿಸುತ್ತಿದ್ದೀರಿ, ನಾನು ಬಂದು ಕೇಳುವ ಮೊದಲು ನೀವೇ ಹೇಳಿದರೆ ಒಳ್ಳೆಯದು.

ಕಿಡಿ


ಏಪ್ರಿಲ್ 19

ಕಿಡೀ,

ಇದು ನಿಮ್ಮ ಭಾವನ ಅಕ್ಷರ. ನಾನು ಹೇಳುತ್ತಿದ್ದೇನೆ, ಅವರು ಬರೆಯುತ್ತಿದ್ದಾರೆ. ನಿನ್ನ ಕಾಗದ ಓದಿ ಹೇಳಿದವರೂ ಅವರೇ. ತಮ್ಮ ಬಗ್ಗೆ ಬರೆದದ್ದನ್ನೂ ಬಿಡದೆ, ಕಂಡಕ್ಟರು ಸ್ಟಾಪುಗಳ ಹೆಸರು ಕೂಗುವ ದನಿಯಲ್ಲಿ ಓದಿದರು.

ಒಡೆದದ್ದು ಅಪ್ಪನ ಕನ್ನಡಕ. ಏಟು ತಿಂದವಳು ನಾನು. ಇನ್ನೂ ಪರೀಕ್ಷೆ ಇದೆಯೇ?

ಹೋದ ಕಾಗದ ನಾನೇ ಬರೆದದ್ದು. ಬಸ್ಸಿನಲ್ಲಲ್ಲ, ಮನೆಯ ಮೇಜಿನ ಮೇಲೆ. ಮಾರ್ಚಿನ ಕೊನೆಯಲ್ಲಿ ಪಾದ ಜೋಮು ಹಿಡಿಯಿತು. ಆಮೇಲೆ ಬೆರಳು. ತಿರುಪು ಕೈಯಲ್ಲಿದೆಯೋ ನೆಲದಲ್ಲಿದೆಯೋ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಎರಡೆರಡು ಬಾಗಿಲು ಕಂಡವು, ಇಲ್ಲದ ಬಾಗಿಲಿಗೆ ಹೋಗಿ ಗೋಡೆಗೆ ಹಾಯ್ದೆ. ಆರನೇ ತಾರೀಕಿನಿಂದ ಆಸ್ಪತ್ರೆಯಲ್ಲಿದ್ದೇನೆ.

ಡಾಕ್ಟರು ಮೊದಲು ಕೇಳಿದ್ದೇ, "ಮಾತ್ರೆ ತಗೋತಿದೀರಾ?" ನಾನು, "ತಗೋತಿದೀನಿ." ಎರಡು ದಿನ ಅದೇ ಉತ್ತರ. ಬಿಟ್ಟಿದ್ದೇನೆ ಎಂದರೆ, ಯಾರು ಹೇಳಿದ್ದು ಅಂತ ಕೇಳುತ್ತಾರಲ್ಲ. ಅವರು ಎರಡು ದಿನ ಇಲ್ಲದ ಕಾಯಿಲೆ ಹುಡುಕಿದರು. ಪಥ್ಯದ ಹುಡುಗಿಗೆ ಮಾತ್ರ ಅನುಮಾನ. "ಮನೇಲಿರೋ ಮಾತ್ರೆ ಶೀಟೆಲ್ಲಾ ತನ್ನಿ," ಎಂದು ನಿಮ್ಮ ಭಾವನನ್ನು ಕಳಿಸಿದಳು. ಬೀರುವಿನಲ್ಲಿ ಸೀರೆಯ ಕೆಳಗೆ ಎಷ್ಟೋ ಶೀಟು ಒಂದೂ ಮಾತ್ರೆ ಒಡೆಯದೆ ಇದ್ದವು.

ಬಿ ಒನ್ ಅನ್ನುವ ವಿಟಮಿನ್ ಮೈಯಲ್ಲಿ ಮುಗಿದುಹೋಗಿತ್ತಂತೆ. ವಾಂತಿ ಬೇರೆ ಸೇರಿಕೊಂಡಿತ್ತು. ಬಾಳೆಹಣ್ಣಿನಷ್ಟು ಹೊಟ್ಟೆಗೆ ಬೀಳುವ ಊಟದಲ್ಲಿ ಅದು ಸಾಕಾಗುವುದಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಒಂದೇ ಬಾಗಿಲು ಕಾಣುತ್ತಿದೆ. ಬೆರಳು ಇನ್ನೂ ಬಂದಿಲ್ಲ. ಬರಬಹುದು, ಬರದಿರಬಹುದು ಅನ್ನುತ್ತಾರೆ.

ಅಕ್ಕ

ಇದು ಅವಳು ಹೇಳಿದ್ದಲ್ಲ, ನಾನೇ ಬರೆಯುತ್ತಿರುವುದು. ಇನ್ನೊಂದು ವಾರ ತಡವಾಗಿದ್ದರೆ ನೆನಪು ಹೋಗುತ್ತಿತ್ತಂತೆ. ಆಗ ನಿನ್ನ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಇರುತ್ತಿರಲಿಲ್ಲ. ಭಾವ.


ಏಪ್ರಿಲ್ 27

ಅಕ್ಕಾ,

ಪ್ರೆಸ್ಸಿನ ಫೋನಿನಿಂದ ಎರಡು ಸಲ ಮಾಡಿದೆ. ಎರಡು ಸಲವೂ ಭಾವ ಎತ್ತಿದರು. ದನಿ ಕೇಳಿ ಇಟ್ಟುಬಿಟ್ಟೆ. ಇಷ್ಟು ದಿನ ಅವರನ್ನು ಎದುರಿಸುತ್ತೇನೆ ಎಂದವಳು ನಾನೇ.

ನಿನ್ನ ಕಾಗದ ಬಂದ ದಿನ ಮೇಸ್ತ್ರಿಯ ಹತ್ತಿರ ಜಗಳಕ್ಕೆ ಹೋದೆ. ಸುಳ್ಳು ಅಚ್ಚು ಹಾಕಿ ಜನರನ್ನು ಕೊಲ್ಲುತ್ತೀರಾ, ಆ ಬಳಗದವರು ಯಾರ ಏಜೆಂಟರು ಎಂದು ಕೂಗಿದೆ. ಅವನು ಒಳಗೆ ಹೋಗಿ, ನಾವು ಗಿರಾಕಿಗೆ ಕಳಿಸಿದ ಕರಪತ್ರದ ಒಂದು ಪ್ರತಿ ತಂದು ಮೇಜಿನ ಮೇಲಿಟ್ಟ. ಪೂರ್ತಿ ಪ್ರತಿ. "ತಿರುಗಿಸು," ಅಂದ.

ಹಿಂಬದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. "ಯಾರು ನಿಲ್ಲಿಸಬಾರದು? ಗರ್ಭಿಣಿಯರು. ರಕ್ತಹೀನತೆಗೆ ಚಿಕಿತ್ಸೆಯಲ್ಲಿರುವವರು. ಹೊಟ್ಟೆ ಅಥವಾ ಕರುಳಿನ ಶಸ್ತ್ರಚಿಕಿತ್ಸೆ ಆದವರು. ಇವರಿಗೆ ಮಾತ್ರೆ ಮೋಹವಲ್ಲ, ಊಟದಷ್ಟೇ ಅಗತ್ಯ. ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬೇಡಿ."

ನಾನು ಓದಿದ್ದು ಕೆಟ್ಟ ಹಾಳೆ. ಒಂದೇ ಬದಿ ಅಚ್ಚಾದದ್ದು. ಇನ್ನೊಂದು ಬದಿ ಖಾಲಿ ಇತ್ತು. ಅಲ್ಲಿ ಏನಿರಬೇಕಿತ್ತು ಎಂದು ಯೋಚಿಸದೆ, ಅದರ ಮೇಲೆ ನಿನಗೆ ಕಾಗದ ಬರೆದೆ. ಈ ಸಾಲುಗಳು ಇರಬೇಕಾದ ಜಾಗದಲ್ಲೇ ಬರೆದೆ, ಹದಿನೈದು ದಿನ ಬಿಟ್ಟು ನೋಡು ಎಂದು.

ಮೂರು ವರ್ಷದಿಂದ ನಾನು ಓದಿದ್ದೆಲ್ಲ ಹೀಗೇ. ಪೆಟ್ಟಿಗೆಯಲ್ಲಿ ಇನ್ನೂರಕ್ಕೂ ಹೆಚ್ಚು ಹಾಳೆಗಳಿವೆ. ಹಿಂಬದಿಯಲ್ಲಿ ಏನಿತ್ತೋ ಒಂದರದ್ದೂ ಗೊತ್ತಿಲ್ಲ. ಔಷಧಿ ಕಂಪನಿಯ ಮೇಲೆ ಹಾಕೋಣವೆಂದರೆ ಕಂಪನಿ ಏನೂ ಮಾಡಿಲ್ಲ. ಬಳಗದವರು ಸರಿಯಾಗಿಯೇ ಬರೆದಿದ್ದಾರೆ. ಮೇಸ್ತ್ರಿ ಸರಿಯಾಗಿಯೇ ಅಚ್ಚು ಹಾಕಿದ್ದಾನೆ. ನಾನೇ ಮಡಿಸಿದ ಮೂರು ಸಾವಿರ ಪ್ರತಿಗಳಲ್ಲೂ ಎರಡು ಬದಿ ಇತ್ತು. ತಪ್ಪು ಹೊರಿಸಲು ನನ್ನನ್ನು ಬಿಟ್ಟು ಯಾರೂ ಸಿಗುತ್ತಿಲ್ಲ.

ಡಾಕ್ಟರಿಗೆ ನನ್ನ ಹೆಸರು ಹೇಳು. ನನ್ನ ಏಟನ್ನು ಇನ್ನು ನೀನು ತಿನ್ನಬೇಡ.

ಭಾವನಿಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ನಾನು ಬರಲೇ? ಬೇಡವೆಂದರೂ ಬರೆ.

ಕಿಡಿ


ಮೇ 30

ಕಿಡೀ,

ಇದು ನನ್ನ ಕೈಯೇ. ಈ ಪುಟಕ್ಕೆ ನಾಲ್ಕು ದಿನ ಹಿಡಿಯಿತು, ದಿನಕ್ಕೆ ಸ್ವಲ್ಪ ಸ್ವಲ್ಪ. ಅಕ್ಷರ ದಪ್ಪ ಇವೆ. ನನ್ನ ಮೈಯಿಂದ ಇಳಿದದ್ದೆಲ್ಲ ಇವಕ್ಕೆ ಬಂದಿದೆ.

ತಿಂಗಳು ಸುಮ್ಮನಿದ್ದದ್ದು ಕೈ ಬರದೆ ಅಲ್ಲ. ಹೇಳಿ ಬರೆಸಬಹುದಿತ್ತು. ಸಿಟ್ಟಿತ್ತು.

ಎಡಗೈ ಪೂರ್ತಿ ಬಂತು. ಬಲಗೈಯಲ್ಲಿ ಎರಡು ಬೆರಳ ತುದಿ ಇನ್ನೂ ಸತ್ತಂತಿದೆ. ತಿರುಪಿನ ಕೆಲಸ ಆಗುವುದಿಲ್ಲ. ಮಾಲೀಕರು ಮುಂದಿನ ಕೌಂಟರಿಗೆ ಹಾಕಿದ್ದಾರೆ. ಯಾವ ಮುಖಕ್ಕೆ ಯಾವ ಚೌಕಟ್ಟು ಎಂದು ಹೇಳುವ ಕೆಲಸ. "ನೀವು ಈಗ ಮುಂದೆ ನಿಂತ್ರೆ ಚೆನ್ನಾಗೇ ಕಾಣ್ತೀರಿ," ಅಂದರು. ಹಿಂದಿನ ಕೋಣೆಯ ಬೆಂಚಿನಲ್ಲಿ ಬೇರೆಯವಳು ಕೂತಿದ್ದಾಳೆ. ಅವಳ ಹಿಂದೆ ಒಂದು ಗೇಣು ಜಾಗ ಸುಮ್ಮನೆ ಬಿದ್ದಿದೆ. ಎಂಬತ್ತೇಳು ಕಿಲೋದವಳು ಕೌಂಟರಿನ ಹಿಂದೆ ನಿಂತು ಅದನ್ನೇ ನೋಡುತ್ತಿರುತ್ತೇನೆ.

ಅರ್ಧ ಓದಿ ಬರೆದದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ನಾನು ಪೂರ್ತಿ ಓದಿ ಸಹಿ ಹಾಕಿದ ಹನ್ನೊಂದು ಹಾಳೆಯಲ್ಲೂ ಮಾತ್ರೆ ಬಿಡಬಾರದು ಎಂದಿತ್ತು. ಗೊತ್ತಿತ್ತು. ಬೇಡ ಎಂದು ಯಾರಾದರೂ ಒಬ್ಬರು ಹೇಳಲಿ ಎಂದು ಕಾಯುತ್ತಿದ್ದೆ, ನೀನು ಹೇಳಿದೆ. ನನ್ನ ಪಾಲಿನ ತಪ್ಪು ನನಗಿರಲಿ. ಸಿಟ್ಟು ಬಂದದ್ದು, ಭಾವನಿಗೆ ಹೇಳಬೇಡ ಎಂದದ್ದಕ್ಕೆ. ಆ ಮಾತಿಗೆ ಕಟ್ಟುಬಿದ್ದು ಎದುರಿಗೆ ಕೂತವರಿಗೆ ಒಂದೂವರೆ ತಿಂಗಳು ಸುಳ್ಳು ಹೇಳಿದೆ. ಅವರು ಲೋಟದಲ್ಲಿ ನೀರು ಹಿಡಿದು ಕೊಡುತ್ತಿದ್ದರು. ನಾನು ಮಾತ್ರೆಯನ್ನು ನಾಲಗೆಯ ಕೆಳಗಿಟ್ಟುಕೊಂಡು ನೀರು ಕುಡಿದು, ಆಮೇಲೆ ಬಚ್ಚಲಿನಲ್ಲಿ ಉಗುಳುತ್ತಿದ್ದೆ. ಅವರು ಡ್ಯೂಟಿಗೆ ಹೋದ ದಿನ ಶೀಟನ್ನೇ ಸೀರೆಯ ಕೆಳಗೆ ತಳ್ಳುತ್ತಿದ್ದೆ.

ನಿನ್ನ ಕಾಗದ ಬಂದರೆ ಈಗ ಮೊದಲು ಓದುವವರು ಅವರೇ. ಅವರು ಕೇಳಲಿಲ್ಲ. ನಾನೇ ಹಾಗೆ ಮಾಡಿ ಎಂದೆ. ಇದು ನಿನಗೆ ಬೇಸರವಾಗುತ್ತದೆ, ಆಗಲಿ. ನೀನು ಏನಾದರೂ ಹೇಳಿದರೆ ಈಗಲೂ ಮಾಡಿಬಿಡುತ್ತೇನೇನೋ ಎಂದು ನನ್ನ ಮೇಲೆ ನನಗೇ ಗುಮಾನಿ.

ಬರಲೇ ಎಂದು ಕೇಳಿದ್ದೀಯ. ಜೂನ್ ಹನ್ನೊಂದಕ್ಕೆ ತಪಾಸಣೆ ಇದೆ. ನಿಮ್ಮ ಭಾವನಿಗೆ ಅವತ್ತು ಡ್ಯೂಟಿ. ಜೊತೆಗೆ ಒಬ್ಬರು ಇರಲೇಬೇಕು ಎಂದು ಪಥ್ಯದ ಹುಡುಗಿ ಹೇಳಿದ್ದಾಳೆ. "ಕೇಳಿಸ್ಕೊಳ್ಳೋರು ಯಾರಾದ್ರೂ ಬನ್ನಿ, ತಲೆ ಆಡಿಸೋರು ಬೇಡ," ಅಂದಳು. ನನಗೆ ನೀನೇ ನೆನಪಾದೆ.

ಅವಳ ಎದುರು ನಾನು ಮೆತ್ತಗಾಗಿಬಿಡುತ್ತೇನೆ. ಬೆರಳು ಯಾವಾಗ ಬರುತ್ತದೆ, ತೂಕ ಎಲ್ಲಿಗೆ ನಿಲ್ಲುತ್ತದೆ, ಇಷ್ಟು ವಾಂತಿಯಾಗುವಾಗ ಒಬ್ಬರೂ ಏಕೆ ಕರೆದು ನೋಡಲಿಲ್ಲ, ಒಂದನ್ನೂ ಕೇಳಿಲ್ಲ. ನೀನು ಕೇಳು. ನಿನ್ನ ಅನುಮಾನವನ್ನೆಲ್ಲ ಕಟ್ಟಿಕೊಂಡು ಬಾ, ಒಂದನ್ನೂ ಬಿಟ್ಟು ಬರಬೇಡ. ಅವಳ ಮುಖಕ್ಕೇ ಕೇಳು. ಕೇಳಿದ ಮೇಲೆ ಕೂತಿರು. ಅವಳು ಹೇಳಿ ಮುಗಿಸುವ ತನಕ ಏಳಬೇಡ.

ಬೆಳಿಗ್ಗೆ ಹತ್ತೂವರೆಗೆ, ಎರಡನೇ ಮಹಡಿ.

ಅಕ್ಕ